ಕುಮರಿ ಸುಟ್ಟವನ ಹೆಂಡತಿ

ಇದನ್ನು ನೀವು ನಂಬಲೇಬೇಕೆಂದು ನಾನು ಬರೆಯುತ್ತಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನೇ ಅರ್ಧಕ್ಕೆ ಎತ್ತಿಡುತ್ತಿದ್ದೆ. ನನ್ನ ಕಸುಬು ಅಂಥದ್ದು. ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನಲ್ಲಿ ವಿಮಾನದ ಇಂಜಿನ್ನಿನ ಲೋಹದ ಭಾಗಗಳನ್ನು ಪರೀಕ್ಷಿಸುವ ಕೆಲಸ ನನ್ನದು. ಬಿರುಕು ಬಿಟ್ಟ ತುಂಡೊಂದು ನನ್ನ ಮೇಜಿಗೆ ಬರುತ್ತದೆ, ಅದು ಯಾಕೆ ಬಿರಿಯಿತು ಎಂದು ನಾನು ಹೇಳಬೇಕು. ಕೆಲವೊಮ್ಮೆ ವಾರ ಹಿಡಿಯುತ್ತದೆ, ಕೆಲವೊಮ್ಮೆ ತಿಂಗಳು. ಆದರೆ ಕಾರಣ ಇದ್ದೇ ಇರುತ್ತದೆ. ಹಾಗಾಗಿ ದೆವ್ವ ಕಂಡೆ, ಸತ್ತವರು ಮಾತಾಡಿಸಿದರು ಎನ್ನುವವರ ಮುಂದೆ ಕೂತಾಗ ನನಗೆ ಹೆದರಿಕೆಯೂ ಆಗುತ್ತಿರಲಿಲ್ಲ, ನಗುವೂ ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಬುದ್ಧಿ ಇರುವವರು ಇಷ್ಟು ಸೋಮಾರಿಗಳಾಗಬಾರದು ಅನ್ನಿಸುತ್ತಿತ್ತು.

ಆ ಸಿಟ್ಟು ಈಗಲೂ ಇದೆ, ಆದರೆ ಬೇರೆ ಕಡೆ ತಿರುಗಿದೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಮಗಳು ಮೇಧಾ ಆಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಳು. ಎರಿಕ್ ಎಂಬ ಹುಡುಗನ ಜೊತೆ ಮನೆ ಮಾಡಿದ್ದಳು. ಎರಿಕ್‌ನಿಗೆ ಅಪ್ಪ ಅಮ್ಮ ಇಲ್ಲ, ಸಾಕಿದವರು ಅಜ್ಜ ಲೆನ್ನಾರ್ಟ್. ಇಲ್ಲಿಂದ ಉತ್ತರಕ್ಕೆ ವೆರ್ಮ್‌ಲ್ಯಾಂಡ್ ಎಂಬ ಕಾಡಿನ ಸೀಮೆ ಇದೆ. ಲೆನ್ನಾರ್ಟ್ ಅಲ್ಲಿ ಮರದ ಕಂಪನಿಯೊಂದರಲ್ಲಿ ದುಡಿದು ನಿವೃತ್ತರಾದವರು. ಈಗ ತಮ್ಮ ಊರಿನ ಪರಂಪರೆ ಸಂಘದ ಅಧ್ಯಕ್ಷರು. ಎತ್ತರದ, ಮೆಲುದನಿಯ ಮನುಷ್ಯ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅವರು ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಾಗ ನೀರುದೋಸೆ ಮಾಡಿದ್ದೆ. ನನ್ನ ಗಂಡ, ಮೇಧಾ, ಎರಿಕ್ ಎಲ್ಲರೂ ಇದ್ದೆವು. ಮಾತು ಹಿರಿಯರ ಕಡೆಗೆ ಹೋಯಿತು. "ನಮ್ಮ ವಂಶದಲ್ಲಿ ಒಬ್ಬ ಕೈದಿ ಇದ್ದಾನೆ," ಎಂದರು ಲೆನ್ನಾರ್ಟ್, ಪದಕ ತೋರಿಸುವವರ ಹಾಗೆ.

ಅವರು ಹೇಳಿದ್ದು ಇಷ್ಟು. ಸುಮಾರು ನಾಲ್ಕು ಶತಮಾನದ ಹಿಂದೆ ಸ್ವೀಡನ್ ಕೂಡ ಅಮೆರಿಕದಲ್ಲಿ, ಡೆಲವೇರ್ ನದಿಯ ದಡದಲ್ಲಿ, ಒಂದು ಸಣ್ಣ ವಸಾಹತು ಮಾಡಿಕೊಂಡಿತ್ತು. ಅಲ್ಲಿಗೆ ಹೋಗಲು ಜನ ಸಿಗುತ್ತಿರಲಿಲ್ಲ. ಹಾಗಾಗಿ ಕೈದಿಗಳನ್ನು ಹಡಗು ಹತ್ತಿಸಿದರು. ಅವರಲ್ಲಿ ಎಷ್ಟೋ ಮಂದಿಯ ಅಪರಾಧ ಕಾಡು ಸುಟ್ಟದ್ದು. ಫಿನ್‌ಲ್ಯಾಂಡಿನಿಂದ ಬಂದು ವೆರ್ಮ್‌ಲ್ಯಾಂಡಿನಲ್ಲಿ ನೆಲೆ ನಿಂತಿದ್ದ ಬಡವರು ಗುಡ್ಡದ ಮರ ಕಡಿದು, ಒಣಗಿಸಿ, ಸುಟ್ಟು, ಬಿಸಿ ಬೂದಿಯಲ್ಲಿ ಧಾನ್ಯ ಬಿತ್ತುತ್ತಿದ್ದರು. ಎರಡು ಮೂರು ಬೆಳೆ ತೆಗೆದು ಆ ಜಾಗವನ್ನು ಕಾಡಿಗೇ ಬಿಟ್ಟು ಮುಂದೆ ಹೋಗುತ್ತಿದ್ದರು. ಸರ್ಕಾರಕ್ಕೆ ಆ ಮರ ಕಬ್ಬಿಣದ ಕುಲುಮೆಗಳಿಗೆ ಬೇಕಿತ್ತು. ಲೆನ್ನಾರ್ಟರ ಪೂರ್ವಜ ಮಟ್ಟಿ ಎಂಬವನನ್ನು ಹೀಗೇ ಹಿಡಿದು ಬೇಡಿ ಹಾಕಿ ಸಾಗಿಸಿದರು. ಹೆಂಡತಿ ತುಂಬು ಬಸುರಿ, ಇಲ್ಲೇ ಉಳಿದಳು. ಅವಳಿಗೆ ಹುಟ್ಟಿದ ಮಗುವಿನ ಸಂತತಿ ಲೆನ್ನಾರ್ಟ್. ಮಟ್ಟಿ ಮರಳಲಿಲ್ಲ, ಅಲ್ಲೇ ಇನ್ನೊಬ್ಬಳನ್ನು ಮದುವೆಯಾದ. ಆ ಸಂತತಿಯ ಡಗ್ ಎಂಬ ಅಮೆರಿಕದವನು ತನ್ನ ಮೂಲ ಹುಡುಕುತ್ತ ಲೆನ್ನಾರ್ಟರನ್ನು ಪತ್ತೆ ಹಚ್ಚಿದ್ದ, ಜುಲೈನಲ್ಲಿ ಬರುವವನಿದ್ದ.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ. ಏಕೆಂದರೆ ಅವರು ಹೇಳುತ್ತಿದ್ದದ್ದು ಕುಮರಿ. ನಮ್ಮ ಕುಮರಿ. ನನ್ನ ತಾಯಿಯ ಕಡೆಯವರು ಅಂಕೋಲೆಯ ಮೇಲಿನ ಗಟ್ಟದ ಬುಡದಲ್ಲಿ ಮಾಡುತ್ತಿದ್ದ ಬೇಸಾಯ. ನಾನು ಹತ್ತು ಹನ್ನೊಂದು ವರ್ಷದವಳಿದ್ದಾಗ ಅಜ್ಜಿ ಒಮ್ಮೆ, ಒಮ್ಮೆ ಮಾತ್ರ, ಹೇಳಿದ್ದಳು: ಅವಳು ತೊಟ್ಟಿಲಲ್ಲಿದ್ದಾಗ ಅವಳ ಅಪ್ಪ ಕುಮರಿ ಸುಟ್ಟ. ಅದು ಸಾಹೇಬರು ಬೇಲಿ ಹಾಕಿದ ಕಾಡಾಗಿತ್ತಂತೆ. ಬೆಂಕಿ ಅರಣ್ಯದ ಗಾರ್ಡಿನ ಗುಡಿಸಲಿಗೂ ತಗುಲಿತು. ಬೇಕೆಂದೇ ಹಚ್ಚಿದ ಎಂದು ಮೊಕದ್ದಮೆ ಮಾಡಿ ಅವನನ್ನು ಸಮುದ್ರದಾಚೆ ಕಳಿಸಿದರು. ಅಷ್ಟೇ.

ನಾನು ಅದನ್ನು ಆ ರಾತ್ರಿಯ ಊಟದಲ್ಲಿ ಹೇಳಿದೆ. ಯಾಕೆ ಹೇಳಿದೆನೋ. ಗಂಡನಿಗೂ ಅದುವರೆಗೆ ಹೇಳಿರಲಿಲ್ಲ.

"ಎಷ್ಟು ರೋಚಕ," ಎಂದರು ಲೆನ್ನಾರ್ಟ್. "ಅವನ ಹೆಸರೇನು?"

"ಗೊತ್ತಿಲ್ಲ."

"ಯಾವ ಹಡಗು? ಯಾವ ದ್ವೀಪ?"

"ಗೊತ್ತಿಲ್ಲ."

"ಓ," ಎಂದು ಅವರು ನನ್ನನ್ನು ನೋಡಿದರು. ಅದರಲ್ಲಿ ಕರುಣೆ ಇತ್ತು. ಆ ಕರುಣೆಗೆ ನನ್ನ ಮೈಯೆಲ್ಲ ಉರಿಯಿತು. ಅವರ ಪೂರ್ವಜನಿಗೆ ಹೆಸರಿದೆ, ಅವನ ಅಪ್ಪನಿಗೆ ಹೆಸರಿದೆ, ಅವನು ಸುಟ್ಟ ಗುಡ್ಡಕ್ಕೂ ಹೆಸರಿದೆ. ನಮ್ಮವನು ಮೊನ್ನೆ ಮೊನ್ನೆ ಬದುಕಿದ್ದವನು, ನನ್ನ ಅಜ್ಜಿಯ ಅಪ್ಪ. ಅವನಿಗೆ ಒಂದು ಹೆಸರೂ ಉಳಿದಿಲ್ಲ.

ಮರುದಿನ ಹುಬ್ಬಳ್ಳಿಗೆ, ಅಣ್ಣನ ಮನೆಯಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಮದುವೆಯಾಗಿ ಗಟ್ಟ ಹತ್ತಿದ ದಿನವೇ ಕರಾವಳಿಯ ಮಾತನ್ನು ಕೆಳಗೆ ಬಿಟ್ಟು ಬಂದವಳು. ಪುಸ್ತಕದಂಥ ಕನ್ನಡ ಮಾತಾಡುತ್ತಾಳೆ.

"ನಮ್ಮ ಮನೆಯಲ್ಲಿ ಯಾರೂ ಜೈಲಿಗೆ ಹೋಗಿಲ್ಲ," ಎಂದಳು. "ನಿನ್ನ ಅಜ್ಜಿಗೆ ಕೊನೆಗೆ ಅರಳುಮರಳಾಗಿತ್ತು. ಬೀಗರ ಮುಂದೆ ಇಂಥದ್ದೆಲ್ಲ ಆಡಬೇಡ."

ನಾನು ಫೋನ್ ಇಟ್ಟುಬಿಟ್ಟೆ. ಅಮ್ಮನ ಮೇಲೆ ಅಷ್ಟು ಕೋಪ ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ.

ಜುಲೈನಲ್ಲಿ ಲೆನ್ನಾರ್ಟರ ಊರಿನಲ್ಲಿ ಪರಂಪರೆಯ ದಿನ ಇಟ್ಟುಕೊಂಡಿದ್ದರು. ಮಟ್ಟಿಯ ಗುಡ್ಡದ ಬುಡದಲ್ಲಿ ಒಂದು ಫಲಕ ಅನಾವರಣ, ಆಮೇಲೆ ಹಳೆಯ ಕ್ರಮದಲ್ಲಿ ಗುಡ್ಡದ ಒಂದು ತುಂಡು ಸುಟ್ಟು ತೋರಿಸುವುದು. ಅದಕ್ಕೆ ಕಮ್ಯೂನ್, ಅಂದರೆ ಅಲ್ಲಿನ ಪುರಸಭೆ, ಧನಸಹಾಯವನ್ನೂ ಕೊಟ್ಟಿತ್ತು. ನಾನು ಹೋಗುವವಳಲ್ಲ. ಆದರೆ ಗಂಡ ಆ ವಾರ ಬೆಂಗಳೂರಿನಲ್ಲಿದ್ದ, ನೀನಾದರೂ ಬಾ ಎಂದು ಮೇಧಾ ಬಿಡಲಿಲ್ಲ.

"ಅಮ್ಮಾ, ಎರಿಕ್‌ಗೆ ಬೇರೆ ಯಾರೂ ಇಲ್ಲ. ನೀನು ಬರದೇ ಇದ್ರೆ ಇಟ್ ಲುಕ್ಸ್ ರೂಡ್. ಸ್ವಲ್ಪ ಹೊತ್ತು ಫೀಕಾ ಮಾಡಿ ವಾಪಸ್ ಬಂದ್‌ಬಿಡೋಣ."

ಫೀಕಾ ಎಂದರೆ ಕಾಫಿ, ಜೊತೆಗೆ ಬನ್ನು, ಜೊತೆಗೆ ಯಾರೂ ಜಗಳವಾಡದೆ ಕೂರುವುದು. ಈ ದೇಶ ನಡೆಯುವುದೇ ಅದರ ಮೇಲೆ.

ಹಿಂದಿನ ಎರಡು ದಿನವೂ ಎಡೆಬಿಡದ ಮಳೆ. ನಾವು ತಲುಪುವಾಗ ಮಳೆ ನಿಂತಿತ್ತು, ಆದರೆ ಕಾಡು ಹಿಂಡಿದರೆ ನೀರು ಸುರಿಯುವಷ್ಟು ನೆನೆದಿತ್ತು. ಸುಡುವ ಕಾರ್ಯಕ್ರಮವನ್ನು ಕೈಬಿಟ್ಟಿದ್ದರು. ಕಡಿದು ಹರಡಿದ್ದ ಮರಗಳ ಮೇಲೆ ಪ್ಲಾಸ್ಟಿಕ್ ಹೊದಿಸಿತ್ತು. ಬಯಲಿನಲ್ಲಿ ಒಂದು ಟೆಂಟು, ಅದರೊಳಗೆ ನಲವತ್ತು ಐವತ್ತು ಜನ. ಕೆಲವರು ಹಳೆಯ ಕಾಲದ ನಾರಿನ ಬಟ್ಟೆಯ ವೇಷ ತೊಟ್ಟಿದ್ದರು. ಡಗ್ ಅರವತ್ತು ದಾಟಿದ, ನಗುಮುಖದ ಭಾರಿ ಮನುಷ್ಯ. ತನ್ನ ಟೋಪಿಯ ಮೇಲೆ ಮಟ್ಟಿಯ ಹೆಸರನ್ನು ಕಸೂತಿ ಮಾಡಿಸಿದ್ದ. ಎಲ್ಲರ ಕೈ ಕುಲುಕುತ್ತಿದ್ದ, ಮಾತುಮಾತಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದ.

ಲೆನ್ನಾರ್ಟ್ ಫಲಕದ ಮೇಲಿನ ಬಟ್ಟೆ ತೆಗೆದರು, ಜನ ಚಪ್ಪಾಳೆ ತಟ್ಟಿದರು. ನಾನು ಹತ್ತಿರ ಹೋಗಿ ಓದಿದೆ. 'ಈ ಗುಡ್ಡದಿಂದ ಹೊಸ ಬದುಕನ್ನು ಅರಸಿ ಮಟ್ಟಿ ಅಮೆರಿಕಕ್ಕೆ ತೆರಳಿದನು' ಎಂದಿತ್ತು.

ನಾನು ಸುಮ್ಮನಿರಬಹುದಾಗಿತ್ತು. "ಲೆನ್ನಾರ್ಟ್, ತೆರಳಿದ್ದಲ್ಲವಲ್ಲ. ಬೇಡಿ ಹಾಕಿ ತೆರಳಿಸಿದ್ದು," ಎಂದೆ.

ಅವರು ಮುಗುಳ್ನಕ್ಕರು. "ಹೌದು, ಹೌದು. ಆದರೆ ಫಲಕ ಚಿಕ್ಕದು. ಸಂತೋಷದ ದಿನ ಬೇರೆ."

"ಹೆಂಡತಿಯ ಹೆಸರು ಎಲ್ಲಿದೆ?"

"ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಮಟ್ಟಿಯ ಹೆಂಡತಿ ಎಂದಷ್ಟೇ ಇದೆ."

"ಅಷ್ಟನ್ನಾದರೂ ಹಾಕಬಹುದಿತ್ತು. ನಿಮ್ಮ ವಂಶ ಹುಟ್ಟಿದ್ದು ಅವಳ ಹೊಟ್ಟೆಯಿಂದ, ಅವನನ್ನು ಒಯ್ದ ಮೇಲೆ."

ನನ್ನ ದನಿ ಏರಿತ್ತು. ಇಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಮೇಧಾ ಬಂದು ತೋಳು ಹಿಡಿದಳು. "ಅಮ್ಮಾ, ಸ್ನೆಲ್ಲಾ. ಪ್ಲೀಸ್. ಇದು ಅವರ ದಿನ. ಎವ್ರಿಥಿಂಗ್ ಈಸ್ ನಾಟ್ ಅಬೌಟ್ ಅಸ್."

ನಾನು ತೋಳು ಬಿಡಿಸಿಕೊಂಡು ಗುಡ್ಡದ ಕಾಲುದಾರಿ ಹಿಡಿದೆ. ಒಬ್ಬ ಮನುಷ್ಯನನ್ನು ಯಾವುದಕ್ಕೆ ಗಡೀಪಾರು ಮಾಡಿದರೋ ಅದಕ್ಕೇ ಈಗ ಧನಸಹಾಯ. ಅದನ್ನೇ ನೋಡುತ್ತ ಬನ್ನು ತಿನ್ನುತ್ತಾರೆ. ನಮ್ಮ ಕಡೆಯಾದರೋ ಇಂದಿಗೂ ಕಾಡಿನ ಜನ ತಾವು ಹುಟ್ಟಿದ ಜಾಗಕ್ಕೆ ಕಾಗದ ತೋರಿಸಬೇಕು, ತೋರಿಸಲಾಗದಿದ್ದರೆ ಒತ್ತುವರಿದಾರರು. ನಾಲ್ಕು ಶತಮಾನ ಕಳೆದ ಮೇಲೆ ನಮಗೂ ಒಂದು ಫಲಕ ಹಾಕುತ್ತಾರೇನೋ, ಹೊಸ ಬದುಕನ್ನು ಅರಸಿ ಹೋದರು ಎಂದು. ಹೀಗೆ ಮನಸ್ಸಿನಲ್ಲೇ ಜಗಳವಾಡುತ್ತ ಬೇಗ ಬೇಗ ಹತ್ತಿದೆ. ಮಧ್ಯಾಹ್ನ ಕಳೆದಿತ್ತು, ಆದರೆ ಇಲ್ಲಿನ ಬೇಸಿಗೆಯಲ್ಲಿ ಹೊತ್ತು ಇಳಿಯುವುದು ಗೊತ್ತಾಗುವುದಿಲ್ಲ. ಮೋಡದ ಹಿಂದಿನಿಂದ ಬಿಳಿಯ ಬೆಳಕು ಎಲ್ಲ ಕಡೆ ಒಂದೇ ಸಮ ಬಿದ್ದಿತ್ತು. ಕತ್ತಲಿನಲ್ಲಿ ಏನೋ ಕಂಡು ಮೋಸಹೋದೆ ಎಂದು ಹೇಳುವ ಅವಕಾಶವೂ ನನಗಿಲ್ಲ.

ಮೊದಲು ವಾಸನೆ ಬಂತು. ಹಸಿ ಮಣ್ಣು ಸುಟ್ಟ ವಾಸನೆ. ಸೌದೆ ಒಲೆಯ ವಾಸನೆ ಬೇರೆ, ಇದು ಬೇರೆ. ಬೇರು, ತರಗೆಲೆ, ಮಣ್ಣು ಒಟ್ಟಿಗೆ ಬೆಂದ ಘಾಟು. ಬೇಸಿಗೆ ರಜೆಯಲ್ಲಿ ಅಜ್ಜಿ ಹಿತ್ತಲಲ್ಲಿ ಗೊಬ್ಬರಕ್ಕೆಂದು ಸುಡುಮಣ್ಣು ಮಾಡುವಾಗ ಮೂಗಿಗೆ ಅಡರುತ್ತಿದ್ದದ್ದು. ಕೆಳಗೆ ಯಾರೋ ಹಟ ಹಿಡಿದು ಬೆಂಕಿ ಹಚ್ಚಿಯೇ ಬಿಟ್ಟರು ಎಂದುಕೊಂಡು ತಿರುಗಿ ನೋಡಿದೆ. ಕೆಳಗೆ ಟೆಂಟಿನ ಬಿಳಿ ಬಟ್ಟೆ ಮಾತ್ರ ಕಂಡಿತು. ಹೊಗೆ ಇದ್ದದ್ದು ಮೇಲೆ.

ದೊಡ್ಡದೊಂದು ಬಂಡೆಯನ್ನು ಬಳಸಿ ಹೋದೆ. ಅದರ ಹಿಂದೆ ಮರಗಳಿರಲಿಲ್ಲ. ಗುಡ್ಡದ ಇಳಿಜಾರು ಕಪ್ಪಗೆ ಸುಟ್ಟು ಬಿದ್ದಿತ್ತು, ಅಲ್ಲಲ್ಲಿ ಮೋಟುಗಳು ಹೊಗೆಯಾಡುತ್ತಿದ್ದವು. ಇಲ್ಲಿ ಸುಟ್ಟಿದ್ದಾರೆ, ನಿನ್ನೆಯೋ ಮೊನ್ನೆಯೋ, ಎಂದೇ ಆಗ ನನಗನಿಸಿತು. ಅಷ್ಟು ಮಳೆಯಲ್ಲಿ ಹೇಗೆ ಎಂಬ ಪ್ರಶ್ನೆ ಏಳಲಿಲ್ಲ. ಬೂದಿಯ ಮೇಲೆ ನಾಲ್ಕು ಹೆಜ್ಜೆ ಇಟ್ಟೆ. ಅಂಗಾಲಿಗೆ ಶೂವಿನೊಳಗಿಂದ ಬಿಸಿ ತಾಗಿತು.

ಒಬ್ಬ ಹೆಂಗಸು ನನಗೆ ಬೆನ್ನು ಮಾಡಿ ಬಗ್ಗಿಕೊಂಡು ಕೋಲಿನಿಂದ ಬೂದಿ ಹರವುತ್ತಿದ್ದಳು. ನನ್ನ ಸದ್ದಿಗೆ ಎದ್ದು ನಿಂತಳು. ಮೊಣಕೈಯವರೆಗೂ ಬೂದಿ, ಮುಖಕ್ಕೂ ಬೂದಿ. ಬಣ್ಣ ಹೇಳುವ ಹಾಗಿರಲಿಲ್ಲ. ವಯಸ್ಸೂ ಹೇಳಲಾರೆ. ಒರಟು ಬಟ್ಟೆಯನ್ನು ಸುತ್ತಿ ಹೆಗಲ ಬಳಿ ಗಂಟು ಹಾಕಿದ್ದಳು. ಕೊರಳಲ್ಲಿ ಏನೋ ಇತ್ತು, ಮಣಿಯೋ, ಬೀಜಗಳೋ. ಬರಿಗಾಲು. ಸಂಘದವರು ವೇಷ ಹಾಕಿದ್ದಾರಲ್ಲ, ಅವರಲ್ಲೊಬ್ಬಳು ಎಂದು ನಾನು ನಮಸ್ಕಾರದ ಸ್ವೀಡಿಷ್ ಮಾತು ಹೇಳಲು ಬಾಯಿ ತೆರೆದೆ.

ಅವಳೇ ಮೊದಲು ಕೇಳಿದಳು. "ಹೊಸ್ಬ ಬಂದ್ನನೇ ತಂಗೀ?"

ಅದು ನನ್ನ ಅಜ್ಜಿಯ ಮಾತು. ಅಜ್ಜಿಯ ಸೀಮೆಯ ಕನ್ನಡ, ಅದೇ ರಾಗ, ಕೊನೆಯಲ್ಲಿ ಅದೇ ಎಳೆತ. ನಾನು ಬೆಚ್ಚಿಬೀಳಬೇಕಿತ್ತು. ಬೀಳಲಿಲ್ಲ. ಅದನ್ನು ನೆನೆದರೆ ಈಗ ಬೆಚ್ಚುತ್ತೇನೆ. ಆ ಕ್ಷಣದಲ್ಲಿ ಅವಳು ಹಾಗೆ ಕೇಳುವುದು, ನಾನು ಉತ್ತರ ಕೊಡುವುದು ತೀರಾ ಸಹಜವೆನಿಸಿತು. ಹೊಸಬ ಎಂದರೆ ಆ ಅಮೆರಿಕದವನು, ಹೊಸದಾಗಿ ಬಂದವನು, ಎಂದು ಅರ್ಥ ಮಾಡಿಕೊಂಡೆ. "ಬಂದಾನೆ," ಎಂದೆ, ನನಗೂ ಅದೇ ಮಾತು ಬಂತು. "ಕೆಳಗೆ ನಿಂತಾನೆ, ಹೋಗಿ ನೋಡು."

ಅವಳ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಕೋಲನ್ನು ಅಲ್ಲೇ ಬಿಟ್ಟಳು. ಬೂದಿಗೈಯನ್ನು ಬಟ್ಟೆಗೆ ಒರೆಸಿಕೊಂಡಳು, ಮುಂಗೂದಲು ಹಿಂದಕ್ಕೆ ಸರಿಸಿದಳು, ಯಾರನ್ನೋ ಎದುರುಗೊಳ್ಳಲು ಹೊರಟವಳ ಹಾಗೆ. ನನ್ನ ಪಕ್ಕದಲ್ಲೇ ಹಾದು ಹೋದಳು. ಬೆವರು, ಹೊಗೆ, ಎಂಥದೋ ಎಣ್ಣೆಯ ವಾಸನೆ. ಬಂಡೆಯನ್ನು ಬಳಸಿ ಇಳಿದಳು.

ನಾನು ಅವಳ ಹಿಂದೆಯೇ ಬಂಡೆ ದಾಟಿದೆ. ಕಾಲುದಾರಿ ಖಾಲಿ. ತಿರುಗಿ ನೋಡಿದರೆ ಬಂಡೆಯ ಆಚೆಗೆ ಒದ್ದೆ ಮರಗಳು, ಪಾಚಿ, ಮಳೆಹನಿ ತೊಟ್ಟಿಕ್ಕುತ್ತಿರುವ ಜರೀಗಿಡ. ಸುಟ್ಟ ಗುಡ್ಡ ಇಲ್ಲ, ಹೊಗೆ ಇಲ್ಲ. ಒಂದಷ್ಟು ಹೊತ್ತು ಅಲ್ಲೇ ಬಂಡೆಗೆ ಒರಗಿ ನಿಂತಿದ್ದೆ ಎಂದು ಕಾಣುತ್ತದೆ. ಆಮೇಲೆ ಇಳಿದೆ. ಇಳಿಯುವಾಗ ಕಾಲು ಸರಿಯಾಗಿ ಊರಲಾಗದೆ ಎರಡು ಸಲ ಜಾರಿದೆ.

ಟೆಂಟಿನಲ್ಲಿ ಎಲ್ಲ ಹಾಗೇ ಇತ್ತು. ಡಗ್ ನನ್ನನ್ನು ಕಂಡು ಕೈಬೀಸಿದ. ನನ್ನ ಜಗಳ ಅವನಿಗೆ ತಿಳಿದಿರಲಿಲ್ಲ, ಸ್ವೀಡಿಷ್ ಬಾರದವನು. ಅವನ ಗಲ್ಲದ ಮೇಲೆ, ಎರಡೂ ಕಡೆ, ಬೂದಿಯ ಬೆರಳಚ್ಚುಗಳಿದ್ದವು.

"ನಿಮ್ಮ ಮುಖಕ್ಕೆ ಏನಾಯಿತು?" ಎಂದೆ ಇಂಗ್ಲಿಷಿನಲ್ಲಿ.

"ಓ, ಇದಾ," ಎಂದು ನಕ್ಕ. "ಮೂತ್ರಕ್ಕೆಂದು ಮರಗಳ ಹತ್ತಿರ ಹೋಗಿದ್ದೆ. ವೇಷದ ಹೆಂಗಸೊಬ್ಬರು ಬಂದರು. ತುಂಬ ಚೆನ್ನಾಗಿ ಹಾಕಿದ್ದರು ವೇಷ, ಕಾಲಿಗೆ ಚಪ್ಪಲಿ ಕೂಡ ಇಲ್ಲ. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು, ಕರುವನ್ನು ನೋಡುವ ಹಾಗೆ. ಏನೋ ಅಂದರು. ಆಮೇಲೆ ಬಿಟ್ಟುಬಿಟ್ಟು ಹೋದರು." ಅವನ ನಗು ಸ್ವಲ್ಪ ಇಳಿಯಿತು. "ನಾನು ಏನೋ ತಪ್ಪು ಮಾಡಿದೆ ಅನ್ನಿಸಿತು. ಅವರು ಯಾರು? ಫೋಟೋ ತೆಗೆಸಿಕೊಳ್ಳಬೇಕಿತ್ತು."

ಅಂಥವರು ಯಾರೂ ತಮ್ಮಲ್ಲಿಲ್ಲ ಎಂದರು ಲೆನ್ನಾರ್ಟ್. ವೇಷ ಹಾಕಿದ ಹೆಂಗಸರನ್ನೆಲ್ಲ ಅಲ್ಲೇ ಕರೆದು ನಿಲ್ಲಿಸಿದರು. ಎಲ್ಲರ ಕಾಲಲ್ಲೂ ಮಳೆಗಾಲದ ಬೂಟು, ಯಾರ ಕೈಯಲ್ಲೂ ಬೂದಿ ಇಲ್ಲ. ಬೂದಿ ಬರಬೇಕಾದರೆ ಬೆಂಕಿ ಬೇಕಲ್ಲ, ಕಾಫಿಯನ್ನೂ ಗ್ಯಾಸಿನಲ್ಲಿ ಕಾಯಿಸಿದ್ದರು. ಡಗ್ ಕರವಸ್ತ್ರದಿಂದ ಗಲ್ಲ ಒರೆಸಿಕೊಂಡ.

ಎರಿಕ್ ಅಜ್ಜನ ಬಳಿ ಉಳಿದ. ಕಾರು ಹತ್ತುವಾಗ ಮೇಧಾ ನನ್ನ ಕಾಲು ನೋಡಿದಳು. "ಅಮ್ಮಾ, ನಿನ್ನ ಶೂಸ್‌ಗೆ ಏನಾಗಿದೆ?"

ರಬ್ಬರಿನ ಅಡಿ ಕರಗಿ ಚಪ್ಪಟೆಯಾಗಿತ್ತು, ಹಲ್ಲುಗಳೆಲ್ಲ ಮಾಯ. ಕರಗಿದ ರಬ್ಬರಿನಲ್ಲಿ ಇದ್ದಿಲ ಹುಡಿ ಅಂಟಿಕೊಂಡು ಗಟ್ಟಿಯಾಗಿತ್ತು. ನಾನು ದಾರಿಯಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕಾರು ಓಡಿಸುತ್ತ ಕೇಳಿದಳು. ವೆನೆರ್ನ್ ಸರೋವರ ಎಡಕ್ಕೆ ಕಾಣುತ್ತ ಮರೆಯಾಗುತ್ತ ಇತ್ತು.

"ಯು ವರ್ ವೆರಿ ಆಂಗ್ರಿ," ಎಂದಳು ಕೊನೆಗೆ.

"ಸಿಟ್ಟಿಗೆ ಶೂ ಕರಗತ್ತಾ?"

"ಗೊತ್ತಿಲ್ಲ ಅಮ್ಮಾ. ನನ್ ಹತ್ರ ಯಾಕ್ ಜಗಳ ಆಡ್ತೀಯ?"

ಅವಳು ಹೇಳಿದ್ದು ಸರಿಯೇ. ಆದರೆ ಜಗಳವಾಡಲು ಬೇರೆ ಯಾರು ಸಿಗುತ್ತಾರೆ? ಮಟ್ಟಿಯನ್ನು ಕಳಿಸಿದವರು ಸತ್ತು ಕಲ್ಲಾಗಿದ್ದಾರೆ, ನಮ್ಮವನನ್ನು ಕಳಿಸಿದ ಸಾಹೇಬನೂ ಅಷ್ಟೇ. ಇಂಥ ಸಿಟ್ಟು ಕೊನೆಗೆ ಮನೆಯವರ ಮೇಲೇ ಬೀಳುತ್ತದೆ.

ಸೋಮವಾರ ಶೂಗಳನ್ನು ಕೆಲಸಕ್ಕೆ ಒಯ್ದೆ. ಎಲ್ಲರೂ ಹೋದ ಮೇಲೆ ಅಡಿಯ ಒಂದು ಚೂರನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಿಸಿಯಾದ ನೆಲದ ಮೇಲೆ ನಿಂತದ್ದಕ್ಕೇ ಕರಗಿದ್ದು, ಅದರಲ್ಲಿ ಅನುಮಾನವಿಲ್ಲ. ಅಂಟಿದ್ದದ್ದು ಮರದ ಇದ್ದಿಲು. ಯಾವ ಮರ ಎಂದು ಹೇಳಬಲ್ಲವರು ಬೇರೆ ಕಡೆ ಇದ್ದಾರೆ, ಅವರಿಗೆ ಕಳಿಸಬಹುದಿತ್ತು. ನಾನು ಕಳಿಸಲಿಲ್ಲ. ಆ ಗುಡ್ಡದ ಮರ ಎಂದು ಉತ್ತರ ಬಂದರೂ ನನಗೆ ತಾಳಲಾಗುತ್ತಿರಲಿಲ್ಲ, ನಮ್ಮ ಕಾಡಿನ ಮರ ಎಂದು ಬಂದರೂ ತಾಳಲಾಗುತ್ತಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಲು ಇನ್ನೂ ಕೆಲವು ದಿನ ಹಿಡಿಯಿತು. ಜಗಳವಾಡಲೆಂದೇ ಮಾಡಿದೆ. ಕಂಡದ್ದನ್ನು ಹೇಳಿದೆ, ಆ ಹೆಂಗಸು ಕೇಳಿದ್ದನ್ನು ಅವಳು ಕೇಳಿದ ಹಾಗೆಯೇ ಹೇಳಿದೆ.

ಆ ಕಡೆ ಅಮ್ಮ ಟೀವಿ ಆರಿಸಿದ್ದು ಕೇಳಿಸಿತು.

"ಯಾರೆ ಹೇಳ್ದವ್ರು ನಿಂಗೆ ಆ ಹೆಸ್ರ?" ಎಂದಳು ಅಮ್ಮ. ಅದು ಅವಳ ಪುಸ್ತಕದ ಕನ್ನಡವಲ್ಲ. ನನ್ನ ಅಮ್ಮ ಆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿದ್ದೇ ಇರಲಿಲ್ಲ.

"ಯಾವ ಹೆಸರು?"

"ಹೊಸ್ಬ. ಹೊಸ್ಬ ಅಂದ್ರೆ ನನ್ನ ಅಜ್ಜ."

ಹೊಸಬ ಎಂಬುದು ನಮ್ಮ ಕಡೆ ಗಂಡಸರಿಗೆ ಇಡುವ ಹೆಸರು. ನನಗೆ ಹೊಳೆದಿರಲಿಲ್ಲ. ಮೈಸೂರು ಬೆಂಗಳೂರು ಎಂದು ಓದಿ, ಅರ್ಧ ಆಯುಸ್ಸು ಇಲ್ಲಿ ಕಳೆದವಳಿಗೆ ಅದು ಹೊಸದಾಗಿ ಬಂದವನು ಎಂದಷ್ಟೇ ಕೇಳಿಸಿತ್ತು.

ಅಮ್ಮ ಅತ್ತಳು, ಆಮೇಲೆ ಬೈದಳು, ಆಮೇಲೆ ಹೇಳಿದಳು. ಹೊಸಬನನ್ನು ಎಳೆದೊಯ್ದ ಮೇಲೆ ಅವನ ಹೆಂಡತಿ, ಅಂದರೆ ನನ್ನ ಮುತ್ತಜ್ಜಿ, ಬಹಳ ಕಾಲ ಬದುಕಿದ್ದಳು. ಅಮ್ಮ ಚಿಕ್ಕವಳಾಗಿ ಅವಳನ್ನು ಕಂಡಿದ್ದಳು. ಬಂದರಿನ ಕಡೆಯಿಂದ ಬರುವ ಹಾದಿಯಲ್ಲಿ ಮುದುಕಿ ನಿಂತಿರುತ್ತಿದ್ದಳಂತೆ, ಬಂದವರನ್ನೆಲ್ಲ ತಡೆದು ಅದನ್ನೇ ಕೇಳುತ್ತಿದ್ದಳಂತೆ. ಮಕ್ಕಳು ಕಲ್ಲು ಹೊಡೆಯುತ್ತಿದ್ದರು. ಅಂಗಡಿಯವರು ನೀರು ಎರಚಿ ಅಟ್ಟುತ್ತಿದ್ದರು. ಶಾಲೆಗೆ ಹೋಗುವಾಗ ಅದು ನಿನ್ನ ಮುದುಕಿಯಲ್ಲವಾ ಎಂದು ಯಾರಾದರೂ ಅಮ್ಮನನ್ನು ಕೇಳಿದರೆ ಅಲ್ಲ ಎನ್ನು ಎಂದು ಮನೆಯಲ್ಲಿ ಕಲಿಸಿದ್ದರು. ಅಮ್ಮ ಅಲ್ಲ ಎನ್ನುತ್ತಿದ್ದಳು. ಮುದುಕಿ ಸತ್ತ ಮೇಲೆ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಈಗ ನನ್ನ ಕಸುಬಿನ ಬುದ್ಧಿ ಏನು ಹೇಳುತ್ತದೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಬಹುಶಃ ಅಜ್ಜಿ ನನಗೆ ಆ ಹೆಸರನ್ನೂ ಹೇಳಿದ್ದಳು, ಮರೆತಿದ್ದೆ, ಸಿಟ್ಟಿನ ಭರದಲ್ಲಿ ತಲೆಯೊಳಗಿಂದ ಎದ್ದು ಬಂತು. ಇರಬಹುದು. ಆದರೆ ಡಗ್‌ನ ಗಲ್ಲಕ್ಕೆ ಬೂದಿ ಹಚ್ಚಿದ್ದು ನನ್ನ ತಲೆಯಲ್ಲ. ಅವಳು ಮಟ್ಟಿಯ ಹೆಂಡತಿಯಾಗಿದ್ದರೆ ನನ್ನ ಮುತ್ತಜ್ಜಿಯ ಮಾತು ಅವಳ ಬಾಯಿಗೆ ಹೇಗೆ ಬಂತು? ನನ್ನ ಮುತ್ತಜ್ಜಿಯಾಗಿದ್ದರೆ ವೆರ್ಮ್‌ಲ್ಯಾಂಡಿನ ಕಾಡಿನಲ್ಲಿ ಅವಳಿಗೇನು ಕೆಲಸ? ಗಂಡನನ್ನು ಹಡಗು ಹತ್ತಿಸಿದ ಮೇಲೆ ಉಳಿದ ಹೆಂಗಸರೆಲ್ಲ ಒಂದೇ ಗುಡ್ಡದಲ್ಲಿ ಬೂದಿ ಹರವುತ್ತಿರುತ್ತಾರೆ ಎಂದು ಯಾರಾದರೂ ಕವಿಗಳು ಹೇಳಬಹುದು. ನನಗೆ ಅದು ಉತ್ತರವಲ್ಲ. ನನಗೆ ಬೇಕಾದದ್ದು ಕಾರಣ, ಅದು ಸಿಕ್ಕಿಲ್ಲ.

ಲೆನ್ನಾರ್ಟರ ಫಲಕ ಈಗಲೂ ಹಾಗೇ ಇದೆ. ಬದಲಾಯಿಸಬೇಕೆಂದು ನಾನು ಸಂಘಕ್ಕೆ ಬರೆದೆ. ಮುಂದಿನ ಸಭೆಯಲ್ಲಿ ಪರಿಗಣಿಸುತ್ತೇವೆ ಎಂದು ಉತ್ತರ ಬಂತು, ತುಂಬ ವಿನಯದಿಂದ. ಲೆನ್ನಾರ್ಟರೂ ನಾವೂ ಹಬ್ಬಕ್ಕೆ ಒಬ್ಬರನ್ನೊಬ್ಬರು ಕರೆಯುತ್ತೇವೆ, ಆ ವಿಷಯ ಎತ್ತುವುದಿಲ್ಲ. ಹೊಸಬನ ಬಗ್ಗೆ ಅಂಡಮಾನಿಗೂ ಬರೆದು ನೋಡಿದೆ, ಇನ್ನೂ ಒಂದೆರಡು ಕಡೆಗೂ. ಅವನ ಅಪ್ಪನ ಹೆಸರು, ಊರು, ಕಳಿಸಿದ ವರ್ಷ ಕೊಡಿ ಎನ್ನುತ್ತಾರೆ. ಅದು ನನ್ನಲ್ಲಿದ್ದಿದ್ದರೆ ಅವರನ್ನು ಯಾಕೆ ಕೇಳುತ್ತಿದ್ದೆ?

ಅಮ್ಮ ಮಾತ್ರ ಬದಲಾದಳು. ಅವಳಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ದೂರದ ಊರಿನಲ್ಲಿ ನೆಂಟರೊಬ್ಬರು ಸಿಕ್ಕಿದ್ದರು ಎನ್ನುವ ಹಾಗೆ ಮಾತಾಡುತ್ತಾಳೆ. ಫೋನ್ ಮಾಡಿದಾಗಲೆಲ್ಲ ಒಂದಲ್ಲ ಒಂದು ಕೇಳುತ್ತಾ ಇರುತ್ತಾಳೆ, ಯಾವ ಬಣ್ಣದ ಬಟ್ಟೆ, ಕೂದಲು ನರೆತಿತ್ತಾ, ಕುಂಟುತ್ತಿದ್ದಳಾ ಎಂದು. ಗೊತ್ತಿದ್ದದ್ದನ್ನು ಹೇಳುತ್ತೇನೆ. ಕಳೆದ ಸಲ ಮಾತಾಡಿದಾಗ, ಎಲ್ಲ ಮುಗಿದು ಇನ್ನೇನು ಇಡಬೇಕು ಎನ್ನುವಾಗ, ತಡೆದಳು.

"ಕೆಳಗೆ ಅಷ್ಟೆಲ್ಲ ಜನ ಇದ್ರು ಅಂದ್ಯಲ್ಲೆ. ಕಾಫಿ ಇತ್ತು, ತಿಂಡಿ ಇತ್ತು."

"ಹೌದಮ್ಮ."

"ಅವ್ಳಿಗೆ ಯಾರಾರೂ ಒಬ್ರು ಕೂತ್ಕೊ ಅಂದ್ರನೇ?"